ಬೋಗುಣಿಯ ಕೆಳಗಿನ ವಿಮಾನ

ನನ್ನ ಮನೆಗೆ ಮೊದಲ ಸಲ ಬಂದವರು ಗಾಜಿನ ಬೀರುವಿನ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ: "ಮಕ್ಳು ಎಲ್ಲಿ ಓದ್ತಾವೆ?" ಮಕ್ಕಳಿಲ್ಲ, ಮದುವೆಯೂ ಆಗಿಲ್ಲ ಎಂದರೆ ಅವರ ಕಣ್ಣು ನನ್ನ ಬರಿಗೊರಳಿಗೊಮ್ಮೆ ಹೋಗಿ ಮತ್ತೆ ಬೀರುವಿಗೆ ಬರುತ್ತದೆ. ಹಾಗಾದರೆ ಈ ವಿಮಾನಗಳು ಯಾರವು? ನನ್ನವು ಎಂದಾಗ ನಗುವವರಿದ್ದಾರೆ, ಪಾಪ ಎನ್ನುವವರಿದ್ದಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ ಎನ್ನುವವರ ಕಾಫಿಗೆ ಮಾತ್ರ ಸಕ್ಕರೆ ಕಡಿಮೆ ಹಾಕುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಟೀಚರು. ಹುಟ್ಟಿದ್ದು ಕೊರಟಗೆರೆಯಲ್ಲಿ, ಕೆಲಸಕ್ಕೆ ಸೇರಿದ್ದು ಶಿರಾದಲ್ಲಿ, ವರ್ಗವಾಗಿ ಹೋಗಿ ಬಹಳ ವರ್ಷ ಇದ್ದದ್ದು ಪಾವಗಡದಲ್ಲಿ, ಈಗ ಇರುವುದು ಮಧುಗಿರಿಯ ಕೋಟೆ ಬಂಡೆ ಕಾಣುವ ಒಂದು ಮಹಡಿ ಮನೆಯಲ್ಲಿ, ಬಾಡಿಗೆಗೆ. ಕೊರಟಗೆರೆಯಲ್ಲಿ ಅಣ್ಣನ ಸಂಸಾರವಿದೆ. ಹಬ್ಬಕ್ಕೆ ಕರೆಯುತ್ತಾರೆ, ಹೋಗುತ್ತೇನೆ, ಊಟ ಮಾಡಿ ಬರುತ್ತೇನೆ. ಶಾಲೆ ಬಿಟ್ಟ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಇರುವುದು ಹಾಗೆ.

ಪ್ಲಾಸ್ಟಿಕ್ ವಿಮಾನ ಕಟ್ಟುವ ಹುಚ್ಚು ಹಿಡಿದದ್ದು ಶಿರಾದಲ್ಲಿ. ಅಣ್ಣನ ಮಗನ ಹುಟ್ಟುಹಬ್ಬಕ್ಕೆಂದು ಒಂದು ಸ್ಟೇಷನರಿ ಅಂಗಡಿಯ ಮೇಲಿನ ಅಟ್ಟದಿಂದ, ಬಿಡಿಭಾಗ ಜೋಡಿಸಿ ಕಟ್ಟುವ ವಿಮಾನದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿಕೊಂಡಿದ್ದೆ. ಅಣ್ಣ ಮುಚ್ಚಳ ತೆಗೆದು, ಕಡ್ಡಿಗಳಿಗೆ ಅಂಟಿಕೊಂಡ ನೂರಾರು ಚೂರುಗಳನ್ನು ನೋಡಿ, "ಇದು ಒಡೆದುಹೋಗಿದೆಯಲ್ಲೇ" ಎಂದ. ಮಗು ಬ್ಯಾಟರಿ ಕಾರಿಗಾಗಿ ಅಳುತ್ತಿತ್ತು. ಡಬ್ಬಿಯನ್ನು ಹಾಗೆಯೇ ವಾಪಸ್ಸು ತಂದೆ. ಒಂದು ಭಾನುವಾರ ಬೇಸರಕ್ಕೆ ಬ್ಲೇಡು ಹಿಡಿದು ಕೂತವಳು ಊಟ ಮಾಡಿದ್ದು ದೀಪ ಹಚ್ಚುವ ಹೊತ್ತಿಗೆ. ಅವತ್ತಿನಿಂದ ಬಿಟ್ಟಿಲ್ಲ.

ನಾನು ಕಟ್ಟುವುದು ಬಹಳ ಚಿಕ್ಕವು, ನಿಜವಾದ ವಿಮಾನದ ನೂರ ನಲವತ್ತನಾಲ್ಕನೇ ಒಂದು ಭಾಗ. ದೊಡ್ಡದು ಕಟ್ಟುವವರಿಗೆ ದೊಡ್ಡ ಮನೆ ಬೇಕು, ಬಿಡಿ. ವರ್ಗವಾದಾಗೆಲ್ಲ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಸಾಗಿಸಬಹುದಾದ ವಾಯುಪಡೆ ನನ್ನದು. ಇದರಲ್ಲಿ ಪೈಲಟ್ ಎಂದರೆ ಒಂದು ಎಳ್ಳುಕಾಳು. ಚಕ್ರ ಎಂದರೆ ಹೆಸರುಕಾಳಿನ ಅರ್ಧ. ಚೂರುಗಳನ್ನು ಕಡ್ಡಿಯಿಂದ ಬಿಡಿಸಿ, ಅಂಚನ್ನು ನೀರಿನಲ್ಲಿ ಅದ್ದಿದ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಿರುಕಿಗೆ ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ, ಬಣ್ಣ ಹಾಕಿ, ಒಣಗಿಸಬೇಕು. ಬೇಗ ಮಾಡಬೇಕೆಂದು ಕೂತವರಿಗೆ ಇದು ಒಲಿಯುವುದಿಲ್ಲ, ಅಂಟಿನಲ್ಲಿ ಬೆರಳಚ್ಚು ಬಿಡುತ್ತಾರೆ. ಬಣ್ಣ ಹಸಿ ಇರುವಾಗ ಫ್ಯಾನು ಹಾಕುವಂತಿಲ್ಲ. ಈ ಬಯಲುಸೀಮೆಯ ಗಾಳಿಗೆ ಧೂಳು ಹೊತ್ತು ತರುವುದೇ ಕೆಲಸ. ಅದಕ್ಕೆ ಬಣ್ಣ ಹಾಕಿದ ಕೂಡಲೇ ವಿಮಾನದ ಮೇಲೆ ಒಂದು ಸ್ಟೀಲ್ ಬೋಗುಣಿ ಕವುಚಿಡುತ್ತೇನೆ, ಹಾಲಿಗೆ ಬೆಕ್ಕು ಬಾಯಿ ಹಾಕದ ಹಾಗೆ. ನನ್ನ ಮೇಜಿನ ಮೇಲೆ ಬೋಗುಣಿ ಕವುಚಿಕೊಂಡಿದ್ದರೆ ಕೆಳಗೊಂದು ವಿಮಾನ ಒಣಗುತ್ತಿದೆ ಎಂದು ಅರ್ಥ.

ಪಾವಗಡದಲ್ಲಿದ್ದಾಗ ಒಂದು ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಒಬ್ಬರು ಹಿರಿಯರು ಅತಿಥಿಯಾಗಿ ಬಂದರು. ಊರು ನಿಡುಗಲ್ ಬೆಟ್ಟದ ಬುಡ, ಮಾತಿನಲ್ಲಿ ಆ ಕಡೆಯ ತೆಲುಗು ಬೆರೆತಿರುತ್ತಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ವಾಯುಪಡೆ ಸೇರಿ, ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿ ದೇಶವೆಲ್ಲ ಸುತ್ತಿ, ನಿವೃತ್ತರಾಗಿ ಪಾವಗಡದಲ್ಲಿ ಮಗ ಸೊಸೆಯ ಜೊತೆ ಇದ್ದರು. ಹೆಂಡತಿ ತೀರಿಕೊಂಡಿದ್ದರು. ಧ್ವಜ ಹಾರಿಸಿ ಸ್ಟಾಫ್ ರೂಮಿಗೆ ಬಂದವರು ನನ್ನ ಮೇಜಿನ ಮೇಲಿದ್ದ ವಿಮಾನವನ್ನು ನೋಡಿ ಬಗ್ಗಿದರು.

"ಏಮ್ಮಾ ಟೀಚರಮ್ಮ, ಇದೇನಿದು, ನೊಣಾನಾ?"

ನನಗೆ ಉರಿದುಹೋಯಿತು. "ನೊಣಕ್ಕೆ ಹಿಂಗೆ ಮೂತಿ ಇರುತ್ತಾ?" ಎಂದೆ.

ಅವರು ಗಹಗಹಿಸಿ ನಕ್ಕರು. ಆಮೇಲೆ ವಿಮಾನವನ್ನು ಎತ್ತಿಕೊಂಡ ರೀತಿ ನೋಡಿ ನನ್ನ ಸಿಟ್ಟು ಇಳಿಯಿತು. ಎಲ್ಲರೂ ರೆಕ್ಕೆ ಹಿಡಿದು ಎತ್ತುತ್ತಾರೆ. ಅವರು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿದರು.

ಆ ಮೇಲಿನ ವರ್ಷಗಳಲ್ಲಿ ನನಗೆ ಒಬ್ಬ ನೋಡುವವರು ಸಿಕ್ಕಿದ್ದರು. ಎಷ್ಟು ದೊಡ್ಡ ಮಾತು ಇದು ಎಂದು ಒಂಟಿಯಾಗಿ ಏನನ್ನಾದರೂ ಮಾಡುವವರಿಗೆ ಗೊತ್ತಿರುತ್ತದೆ. ಒಂದೊಂದು ವಿಮಾನ ಮುಗಿದಾಗಲೂ ಅವರ ಮನೆಗೆ ಒಯ್ಯುತ್ತಿದ್ದೆ. ಜಗಲಿಯಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿ, ಅದನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸುವರು. "ಇಲ್ಲಿ ಎಣ್ಣೆ ಸೋರಿರೋ ಕಲೆ ಹಾಕಿದೀಯಲ್ಲ, ಇದು ಸರೇ. ನಮ್ಮ ಕೈಯಾಗ ಎಷ್ಟು ಒರೆಸಿದ್ರೂ ಹೋಗ್ತಾ ಇರ್ಲಿಲ್ಲ" ಎನ್ನುವರು. ಅಷ್ಟು ಸಾಕಾಗಿತ್ತು. ನಾನು ಶಾಲೆಯಲ್ಲಿ ನಡೆಯುವುದಕ್ಕಿಂತ ಸ್ವಲ್ಪ ಎತ್ತರವಾಗಿ ನಡೆದು ಮನೆಗೆ ಬರುತ್ತಿದ್ದೆ.

ಮಧುಗಿರಿಗೆ ವರ್ಗವಾದ ಮೇಲೂ ಫೋನು ನಡೆಯಿತು. ತಿಂಗಳಿಗೊಮ್ಮೆ ಪಾವಗಡದ ಬಸ್ಸು ಹತ್ತುತ್ತಿದ್ದೆ. ಹಾಗೆ ಹೋದಾಗ ಒಂದು ದಿನ ಅವರು ಕೊಟ್ಟ ವಿಮಾನವನ್ನು ಮೂಗಿನ ಹತ್ತಿರ ತರಲಿಲ್ಲ, ಕೈ ಚಾಚಿ ದೂರ ಹಿಡಿದರು. ಕತ್ತನ್ನು ಆಚೆ ಈಚೆ ಆಡಿಸಿದರು, ಕೋಳಿ ಕಾಳು ಹುಡುಕುವ ಹಾಗೆ. ಕಣ್ಣಿನ ಒತ್ತಡ ಏರುವ ಕಾಯಿಲೆ, ಗ್ಲಾಕೋಮಾ. ಸುತ್ತಲಿಂದ ಕತ್ತಲೆ ಬಂದು ನಡುವೆ ಒಂದು ಕಿಂಡಿ ಮಾತ್ರ ಉಳಿಯುತ್ತದಂತೆ.

"ಮೊದ್ಲು ಜರಡಿ ಅಷ್ಟು ಕಾಣ್ತಿತ್ತು. ಆಮೇಲೆ ಬಳೆ ಅಷ್ಟು. ಈಗ ಉಂಗುರ ಕಣಮ್ಮ" ಎಂದರು. "ಸೊಸೆ ಮುಖ ನೋಡ್ಬೇಕು ಅಂದ್ರೆ ಒಂದ್ಸಲ ಮೂಗು, ಒಂದ್ಸಲ ಕಿವಿ ನೋಡ್ಕೊಂಡು ಸೇರಿಸ್ಕೋಬೇಕು."

ನಗುತ್ತಲೇ ಹೇಳಿದರು. ನಾನು ನಗಲಿಲ್ಲ.

ವಿಮಾನವನ್ನು ನನ್ನ ಕೈಗೆ ವಾಪಸ್ಸು ಕೊಡುತ್ತಾ ಕೇಳಿದರು, "ನ್ಯಾಟ್ ಮಾಡ್ಕೊಡ್ತೀಯಾ?"

ನ್ಯಾಟ್ ಎಂದರೆ ಅವರು ಮೊದಲು ಕೈ ಹಾಕಿದ ವಿಮಾನ. ಹಳೆಯ ಪುಟ್ಟ ಬೆಳ್ಳಿ ಬಣ್ಣದ ಯುದ್ಧವಿಮಾನ, ಪಕ್ಕದಲ್ಲಿ ನಿಂತರೆ ಮೆಕ್ಯಾನಿಕನ ಎದೆಯ ಹತ್ತಿರಕ್ಕೇ ಬರುತ್ತಿತ್ತಂತೆ. ಅದರ ಮಾತು ಬಂದರೆ ಅವರು ಎಳೆಗರುವಿನ ಮಾತು ಆಡುವವರ ಹಾಗೆ ಆಡುತ್ತಿದ್ದರು.

"ಒಂದು ಸಲ ಇಡಿಯಾಗಿ ನೋಡ್ಬೇಕು. ಫೋಟೋದಾಗ ನೋಡಿದ್ರೆ ಬಾಲ ಕಾಣುತ್ತೆ, ಮೂತಿ ಕಾಣಲ್ಲ. ನಿಜವಾದ್ದು ತಂದು ನಿಲ್ಲಿಸಿದ್ರೂ ಕಾಣಲ್ಲ. ನೀನು ಮಾಡೋ ನೊಣದ ಸೈಜಾದ್ರೆ ನನ್ನ ಉಂಗುರದಾಗ ಹಿಡಿಸುತ್ತೆ."

ನಾನು ಸುಮ್ಮನೆ ತಲೆ ಆಡಿಸಿದೆ. ಆಮೇಲೆ ಅದು ಅವರಿಗೆ ಕಂಡಿರಲಾರದು ಎಂದು ಹೊಳೆದು, "ಮಾಡ್ತೀನಿ" ಎಂದು ಜೋರಾಗಿ ಹೇಳಿದೆ.

"ಪೈಲಟ್ ಬೇಡ" ಎಂದರು. "ಪೈಲಟ್ ಕೂತ್ರೆ ಅದು ಅವನದು. ಗಾಜು ತೆರೆದು, ಪಕ್ಕಕ್ಕೆ ಏಣಿ ಇಟ್ಟು, ನೆಲದ ಮೇಲೆ ನಿಂತಿದ್ರೆ ಮಾತ್ರ ನಮ್ಮದು. ಏಣಿ ಎಡಗಡೆ."

ಡಬ್ಬಿ ತರಿಸಲು ದಿನ ಹಿಡಿಯಿತು. ಕೊರಿಯರಿನವನು ಅದನ್ನು ಅಲ್ಲಾಡಿಸಿ, "ಒಳಗೆ ಏನೋ ಪುಡಿ ಆಗೋಗದೆ ಮೇಡಂ" ಎಂದು ಕೊಟ್ಟು ಹೋದ. ಆ ವಿಮಾನ ಮುಗಿದಾಗ ನನ್ನ ತೋರುಬೆರಳಿಗಿಂತ ಗಿಡ್ಡ. ಜೀವಮಾನದಲ್ಲಿ ಅಷ್ಟು ಹೆದರಿಕೊಂಡು ಏನನ್ನೂ ಕಟ್ಟಿರಲಿಲ್ಲ. ಮೂತಿಯೊಳಗೆ ಸೀಸದ ಚೂರು ತುಂಬದಿದ್ದರೆ ಇಂಥ ವಿಮಾನ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ. ಆ ಪುಟ್ಟ ಮೂತಿಯಲ್ಲಿ ಸೀಸಕ್ಕೆ ಜಾಗವೇ ಇರಲಿಲ್ಲ, ಒಳಗೋಡೆಯನ್ನು ಕೆರೆದು ಕೆರೆದು ಜಾಗ ಮಾಡಿದೆ. ಏಣಿಗೆ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಉರಿಗೆ ಹಿಡಿದು ಎಳೆದೆ. ಎಳೆದರೆ ಅದು ಕೂದಲಿನಷ್ಟು ತೆಳ್ಳಗಾಗುತ್ತದೆ. ಅಂಥ ಎಳೆಗಳನ್ನು ತುಂಡರಿಸಿ ಮೆಟ್ಟಿಲು ಮಾಡಿ ಕೂರಿಸಿದೆ. ಉಸಿರು ಬಿಟ್ಟರೆ ಹಾರಿಹೋಗುವ ಏಣಿ. ಒಂದು ಸಲ ಹಾರಿಯೂ ಹೋಯಿತು, ಮೊಣಕಾಲೂರಿ ನೆಲವನ್ನೆಲ್ಲ ತಡವಿ ಹುಡುಕಿದೆ.

ಬೆಳ್ಳಿ ಬಣ್ಣ ಎಲ್ಲಕ್ಕಿಂತ ಕಷ್ಟ. ಅದು ಏನನ್ನೂ ಮುಚ್ಚಿಡುವುದಿಲ್ಲ, ಕೆಳಗಿನ ಗೀರನ್ನೆಲ್ಲ ಎತ್ತಿ ತೋರಿಸುತ್ತದೆ. ಶಿರಾದಲ್ಲಿ ನಾನಿದ್ದ ಕೋಣೆಯ ಮುಂದೆ ಬೋರ್ಡು ಬರೆಯುವ ಒಬ್ಬ ಸಾಬರ ಅಂಗಡಿ ಇತ್ತು. "ಚಾಂದಿ ಹೊಳೀಬೇಕಂದ್ರೆ ನೀಚೆ ಕರಿ ಹಾಕಿ ಮೇಡಂ" ಎಂದು ಅವರು ಯಾವಾಗಲೋ ಹೇಳಿದ್ದು ನೆನಪಿತ್ತು. ಕರಿ ಹಾಕಿ, ಒಣಗಿಸಿ, ಅದರ ಮೇಲೆ ಬೆಳ್ಳಿಯನ್ನು ಪದರಪದರವಾಗಿ ತೆಳ್ಳಗೆ ಹಾಕಿದೆ. ಬೆಳ್ಳಿಯಲ್ಲಿ ಇನ್ನೊಂದು ಕಾಟವಿದೆ. ಒಂದು ಕಡೆ ಕಲೆಯಾದರೆ ಅಲ್ಲಿ ಮಾತ್ರ ತೇಪೆ ಹಾಕಲು ಬರುವುದಿಲ್ಲ, ತೇಪೆ ಎದ್ದು ಕಾಣುತ್ತದೆ. ಎಲ್ಲವನ್ನೂ ಕಿತ್ತು ಮೊದಲಿನಿಂದ ಹಾಕಬೇಕು.

ಅಷ್ಟರಲ್ಲಿ ಪಾವಗಡದಿಂದ ಫೋನು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ನಿಗದಿಯಾಗಿದೆ, ವಿಜಯದಶಮಿಯ ಮಾರನೆಯ ದಿನ ಹೊರಡಬೇಕು ಎಂದರು. ಮಾಡಿಸಿದರೆ ಉಳಿದ ಕಿಂಡಿ ಉಳಿಯಬಹುದು, ಹೋಗಲೂಬಹುದು, ಮಾಡಿಸದಿದ್ದರಂತೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

"ದಶಮಿ ದಿನ ತರ್ತೀಯಾ?" ಎಂದರು.

"ತರ್ತೀನಿ. ಬೆಳ್ಳಿ ಒಂದು ಒಣಗಿದ್ರೆ ಆಯ್ತು."

"ಸರ್ಲೇ. ಅಲ್ಲೀವರೆಗೂ ಇದನ್ನ ಜೋಪಾನವಾಗಿ ಇಟ್ಕೊಂಡಿರ್ತೀನಿ" ಎಂದರು. ಇದನ್ನ ಎಂದರೆ ಕಣ್ಣನ್ನ.

ಆಯುಧಪೂಜೆಯ ದಿನ ಅಣ್ಣ ಹೊಸ ಕಾರಿಗೆ ಪೂಜೆ ಎಂದು ಕರೆದಿದ್ದ. ಹೋಗಬಾರದಿತ್ತು. ಆದರೆ ಬೆಳ್ಳಿ ಒಣಗುತ್ತಿತ್ತು, ನಾನು ಕೂತು ನೋಡಿದರೆ ಅದೇನೂ ಬೇಗ ಒಣಗುವುದಿಲ್ಲ. ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಏಣಿಯನ್ನು ಮಲಗಿಸಿ, ಎರಡರ ಮೇಲೂ ಬೋಗುಣಿ ಕವುಚಿ ಕೊರಟಗೆರೆಗೆ ಹೋದೆ. ಅಲ್ಲಿ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮುಂದಕ್ಕೆ ಹೊಡೆದು, ಕುಂಬಳಕಾಯಿ ಒಡೆದು, ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. ಫೋಟೋ ತೆಗೆಯುವ ಕೆಲಸ ನನಗೆ ಬಂತು. ಅತ್ತಿಗೆ, "ನೀನು ಚೆನ್ನಾಗಿ ತೆಗೀತೀಯ" ಎಂದರು.

ಸಂಜೆ ಮಧುಗಿರಿಗೆ ಬಂದು ಮೆಟ್ಟಿಲು ಹತ್ತುವಾಗಲೇ ಊದುಬತ್ತಿಯ ವಾಸನೆ. ಬೀಗ ತೆಗೆದೆ. ಬಾಗಿಲಿಗೆ ಮಾವಿನ ಸೊಪ್ಪು, ಕಿಟಕಿಗೆ ಕುಂಕುಮ, ಮಿಕ್ಸಿಗೆ ಕುಂಕುಮ, ಇಸ್ತ್ರಿಪೆಟ್ಟಿಗೆಗೆ ಕುಂಕುಮ. ಮೇಜಿನ ಮೇಲೆ ಬೋಗುಣಿ ಅಂಗಾತ ಬಿದ್ದಿತ್ತು, ಅದರ ತುಂಬ ಸೇವಂತಿಗೆ.

ಮನೆಯ ಮಾಲೀಕರ ಹೆಂಡತಿ ಕೆಳಗಿನ ಮನೆಯಲ್ಲಿರುತ್ತಾರೆ. ಹೊಲ, ಹಸು, ಟ್ರ್ಯಾಕ್ಟರು ಎಲ್ಲದರ ಯಜಮಾನಿಕೆ ಅವರದೇ. ನೀರಿನ ವಾಲ್ವು ನನ್ನ ಅಡುಗೆಮನೆಯಲ್ಲಿರುವುದರಿಂದ ಒಂದು ಬೀಗದ ಕೈ ಅವರ ಹತ್ತಿರ ಇರುತ್ತದೆ. ಆಯುಧಪೂಜೆಯ ದಿನ ಆ ಮನೆಯಲ್ಲಿ ಪೂಜೆ ಇಲ್ಲದ ಕಬ್ಬಿಣವೇ ಇರುವುದಿಲ್ಲ, ಕುಡುಗೋಲಿನಿಂದ ಹಿಡಿದು ಸಂಪಿನ ಮುಚ್ಚಳದವರೆಗೆ. ಅವತ್ತು ಮೇಲಿನ ಮನೆಯೂ ಅವರ ಕೈಗೆ ಸಿಕ್ಕಿತ್ತು.

ನ್ಯಾಟ್‌ನ ಮೂತಿಯ ಮೇಲೆ ಒದ್ದೆ ಕುಂಕುಮದ ಬೊಟ್ಟು. ರೆಕ್ಕೆಗಳ ಮೇಲೆ ಊದುಬತ್ತಿ ಕಡ್ಡಿಯಿಂದ ಎಳೆದ ವಿಭೂತಿಯ ಮೂರು ಮೂರು ಗೆರೆ. ಮೂರೂ ಚಕ್ರಗಳ ಕೆಳಗೆ ಒಂದೊಂದು ಸಾಸಿವೆ ಕಾಳು, ನಿಂಬೆಹಣ್ಣಿನ ಬದಲಿಗೆ. ಸಾಸಿವೆ ಮೇಲೆ ಹತ್ತಿಸಲು ಹೋಗಿ ಮುಂದಿನ ಚಕ್ರದ ಕಾಲು ಮುರಿದು, ವಿಮಾನ ನಮಸ್ಕಾರ ಮಾಡುವವರ ಹಾಗೆ ಮೂತಿ ಊರಿಕೊಂಡಿತ್ತು.

ನಾನು ಒಂದು ಹತ್ತಿಕಡ್ಡಿಯನ್ನು ನೀರಿಗೆ ಅದ್ದಿ ಕುಂಕುಮ ಒರೆಸಿದೆ. ಒರೆಸಿದಲ್ಲಿ ಗುಲಾಬಿಯಾಗಿ ಹರಡಿತು. ಬೊಟ್ಟು ಹಾಗೇ ಉಳಿಯಿತು. ಕುಂಕುಮದ ನೀರು ಹಸಿ ಬೆಳ್ಳಿಯೊಳಗೆ ಇಳಿದಿತ್ತು. ಕೈ ತೆಗೆದೆ. ಕಿತ್ತು ಮತ್ತೆ ಹಾಕಲು ದಿನಗಳು ಬೇಕು, ನನ್ನ ಹತ್ತಿರ ಇದ್ದದ್ದು ಬೆಳಗಿನ ಬಸ್ಸು.

ಅಷ್ಟರಲ್ಲಿ ಆಯಮ್ಮ ತಟ್ಟೆಯಲ್ಲಿ ಒಬ್ಬಟ್ಟು ಹಿಡಿದು ಮೇಲೆ ಬಂದರು. ಮುಖದ ತುಂಬ ನಗು. "ಮಿಸ್ಸೇ, ನೀವು ಇಲ್ದಿದ್ರೇನು, ಗಾಡಿಗೆ ಪೂಜೆ ನಿಲ್ಲಿಸ್ಬಾರ್ದು ಅಂತ ನಾನೇ ಮಾಡ್ಬುಟ್ಟೆ. ನಿಮ್ಮೋರು ಈಬೂತಿ ಅಲ್ವಾ ಹಾಕೋದು, ಅದುಕ್ಕೆ ಅದುನ್ನೂ ಎಳ್ದಿವ್ನಿ."

"ಯಾರು ಹೇಳಿದ್ರು ನಿಮಗೆ ಮುಟ್ಟೋಕೆ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅದು ಗಾಡಿ ಅಲ್ಲ. ಅದು ಆಟದ ಸಾಮಾನೂ ಅಲ್ಲ. ನಿಮಗೆ ಅದೇನು ಅಂತ ಗೊತ್ತಾಗೋದೂ ಇಲ್ಲ. ಬೀಗದ ಕೈ ಇದೆ ಅಂತ ಕಂಡಿದ್ದಕ್ಕೆಲ್ಲ ಬೊಟ್ಟು ಇಡೋದಾ?"

ಆಯಮ್ಮನ ನಗು ನಿಂತಿತು. ಒಬ್ಬಟ್ಟಿನ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸೊಂಟದಿಂದ ಬೀಗದ ಕೈ ಬಿಚ್ಚಿ ತಟ್ಟೆಯ ಪಕ್ಕ ಇಟ್ಟರು. "ಇಷ್ಟು ವರ್ಸ ಅವುಕ್ಕೆ ಒಂದು ಊವ ಇಟ್ಟಿಲ್ವಲ್ಲ ಅನ್ನುಸ್ತು, ಅದುಕ್ಕೆ" ಎಂದಷ್ಟೇ ಹೇಳಿ ಇಳಿದುಹೋದರು. ನಾನು ಒಬ್ಬಟ್ಟು ತಿನ್ನಲಿಲ್ಲ.

ಮುರಿದ ಕಾಲನ್ನು ಅಂಟಿಸಿದೆ. ವಿಭೂತಿಯನ್ನು ಒಣ ಕುಂಚದಿಂದ ಬಿಡಿಸಿದೆ. ಅದು ಬಿಟ್ಟರೂ ಗೆರೆಗಳು ಮಬ್ಬಾಗಿ ಉಳಿದವು. ಏಣಿಯನ್ನು ಚಿಮಟದಲ್ಲಿ ಎತ್ತಿ, ಮಾತ್ರೆಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ಮುಚ್ಚಿದೆ. ಅಳು ಬರಲಿಲ್ಲ, ಬರೀ ಉರಿ. ಕುಂಕುಮ ಹಚ್ಚಿದ ಮಿಕ್ಸಿ ನೋಡಿದರೂ ಉರಿ.

ಪಾವಗಡದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಜೋಪಾನ ಮಾಡಿ ಇಟ್ಟುಕೊಂಡ ಕಣ್ಣಿಗೆ ಇದನ್ನು ತೋರಿಸಬೇಕೇ? ಒಂದೇ ಒಂದು ಸಲ ಸರಿಯಾಗಿ ನೋಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಒಂದು ಸಲ ಹಿಂಗೆ ಆಯಿತು. ಕಡಲೆಕಾಯಿ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಬಸ್ಸಿನ ಮೂತಿಗೂ ದೊಡ್ಡ ಹಾರ, ಗಾಜಿನ ಮೇಲೆ ಕುಂಕುಮ. ಡ್ರೈವರು ಎಲ್ಲ ಹಳ್ಳದಲ್ಲೂ ಇಳಿಸಿದ.

ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪರೇಡಿಗೆ ನಿಂತವರ ಹಾಗಿತ್ತು. ಸೊಸೆ ಸ್ಟೂಲು ತಂದಿಟ್ಟು, "ನಿನ್ನೆಯಿಂದ ಟೀವಿನೂ ನೋಡಿಲ್ಲ ಮೇಡಂ, ಕಣ್ಣು ಸುಸ್ತಾಗುತ್ತಂತೆ" ಎಂದು ಒಳಗೆ ಹೋದಳು.

ನಾನು ಸ್ಟೂಲಿನ ಮೇಲೆ ಬೂದುಬಣ್ಣದ ಪುಟ್ಟ ಹಲಗೆ ಇಟ್ಟೆ, ವಿಮಾನ ನಿಲ್ಲುವ ಕಾಂಕ್ರೀಟಿನ ನೆಲದ ಹಾಗೆ ನಾನೇ ಬಣ್ಣ ಹಾಕಿದ್ದು. ಅದರ ಮೇಲೆ ನ್ಯಾಟ್ ನಿಲ್ಲಿಸಿದೆ, ಬಾಲ ಅವರ ಕಡೆಗೆ, ಮೂತಿ ನನ್ನ ಕಡೆಗೆ. ಬೇಕೆಂದೇ ಹಾಗೆ ಇಟ್ಟೆ. ಚಿಮಟದಲ್ಲಿ ಏಣಿ ಎತ್ತಿ ಎಡಗಡೆ ಒರಗಿಸಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ನಾನು ಏಣಿಯನ್ನಲ್ಲ, ಅವರ ಕಣ್ಣನ್ನು ನೋಡುತ್ತಿದ್ದೆ.

"ಇಟ್ಟಿದೀನಿ" ಎಂದೆ.

ಅವರು ಕತ್ತು ಆಡಿಸಿದರು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಸ್ಟೂಲನ್ನು ಸ್ವಲ್ಪ ದೂರ ಮಾಡಿಸಿದರು, ಮತ್ತೆ ಹತ್ತಿರ. ಹಲಗೆಯ ಅಂಚು ಸಿಕ್ಕಿತು. "ಇಲ್ಲಿ ಏನೋ ಬೆಳ್ಳಗೆ ಐತೆ, ಹೊಗೆ ತರ" ಎಂದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಸೊಸೆಯ ಹತ್ತಿರ ಕರೀ ಬಟ್ಟೆ ತರಿಸಿ ವಿಮಾನದ ಹಿಂದೆ ಹಿಡಿದೆ. ಸ್ಟೂಲನ್ನು ಬಿಸಿಲಿನ ಕಡೆ ಸರಿಸಿದೆ. "ಹೊಗೆ, ಹೊಗೆ" ಎಂದರು. ಅವರ ಕಿಂಡಿ ಚಿಕ್ಕದಾಗಿದ್ದಷ್ಟೇ ಅಲ್ಲ, ಮಂಜೂ ಆಗಿತ್ತು. ಬೂದುಬಣ್ಣ, ಬೆಳ್ಳಿ ಬಣ್ಣ, ಬಿಳಿ ಎಲ್ಲ ಒಂದೇ ಆಗಿಬಿಟ್ಟಿದ್ದವು. ಅದನ್ನು ಅವರೂ ಅವತ್ತೇ ಕಂಡುಕೊಂಡರು ಎಂದು ಕಾಣುತ್ತದೆ.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ನಾನು ಹಲಗೆಯ ಸಮೇತ ವಿಮಾನವನ್ನು ತಿರುಗಿಸಿದೆ, ಮೂತಿ ಅವರ ಕಡೆಗೆ.

ಆಡುತ್ತಿದ್ದ ಕತ್ತು ತಟ್ಟನೆ ನಿಂತಿತು.

"ಆಹಾ! ಕೆಂಪು! ಸಿಕ್ತು, ಸಿಕ್ತು ಕಣಮ್ಮ! ಇದು ಮೂತಿ ಅಲ್ವಾ?"

"ಹೌದು."

"ಕುಂಕುಮ ಅಲ್ವಾ ಇದು? ಇಲ್ಲೇ ಇಡ್ತಾ ಇದ್ದಿದ್ದು ನಾವು, ಆಯುಧಪೂಜೆ ದಿನ. ಸರಿಯಾಗಿ ಇಲ್ಲೇ. ತಟ್ಟೆ ಹಿಡ್ಕೊಂಡು ನಾನು ಪಕ್ಕದಾಗ ನಿಂತಿರ್ತಿದ್ದೆ." ಅವರ ಕಣ್ಣು ಆ ಬೊಟ್ಟಿನ ಮೇಲೆ ನೆಟ್ಟಿತ್ತು. ಬೆರಳನ್ನು ತಂದು ಅದರ ಪಕ್ಕದಿಂದ ಹಿಂದಕ್ಕೆ ಮೆಲ್ಲಗೆ ಸರಿಸಿದರು. "ಇಲ್ಲಿ ಇಂಜಿನ್ ಗಾಳಿ ಎಳ್ಕೊಳ್ಳೋ ಬಾಯಿ. ಇಲ್ಲಿ ಗಾಜು, ತೆರೆದಿದೀಯಾ, ಸರೇ. ಇಲ್ಲಿ ರೆಕ್ಕೆ ಬುಡ." ಕೆಂಪಿನಿಂದ ಹೊರಟು, ಹೊಗೆಯೊಳಗೆ ಬೆರಳು ನಡೆಸಿಕೊಂಡು, ಇಡೀ ವಿಮಾನವನ್ನು ಅವರೇ ಸೇರಿಸಿಕೊಂಡರು. ಮುಖ ಅರಳಿತ್ತು. ಆ ಮುಖವನ್ನು ನೋಡಿ ನನಗೆ ಸಂತೋಷವಾಯಿತು, ಅದು ನಿಜ. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು, ಅದೂ ನಿಜ. ಕರಿಯ ಮೇಲೆ ನಾನು ಹಾಕಿದ ಬೆಳ್ಳಿಯ ಪದರಗಳಲ್ಲಿ ಒಂದೂ ಅವರಿಗೆ ಕಂಡಿರಲಿಲ್ಲ. ಕಂಡದ್ದು ಹೆಬ್ಬೆರಳಿನಲ್ಲಿ ಒತ್ತಿದ ಬೊಟ್ಟು.

"ಕುಂಕುಮ ಇಡ್ಬೇಕು ಅಂತ ಹೆಂಗೆ ಹೊಳೀತು ನಿನಗೆ?" ಎಂದು ಕೇಳಿದರು.

ನನಗೇ ಹೊಳೆಯಿತು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. "ನಾನಲ್ಲ, ನಮ್ಮ ಓನರಮ್ಮ ಇಟ್ಟಿದ್ದು" ಎಂದೆ.

"ಆಯಮ್ಮನಿಗೆ ನಾನು ನಮಸ್ಕಾರ ಹೇಳ್ದೆ ಅಂತ ಹೇಳಮ್ಮ." ಆಮೇಲೆ ಕೇಳಿದರು, "ಏಣಿ ಇಟ್ಟಿದೀಯಾ?"

"ಇಟ್ಟಿದೀನಿ."

"ಎಡಗಡೆ?"

"ಎಡಗಡೆ."

"ಚಾಲು. ಅಷ್ಟು ಸಾಕು" ಎಂದು ಕುರ್ಚಿಗೆ ಒರಗಿದರು. ಏಣಿಯನ್ನು ಬೆರಳಿನಲ್ಲೂ ಮುಟ್ಟಲಿಲ್ಲ, ಮುರಿದೀತೆಂಬ ಭಯಕ್ಕೆ. ನಾನು ಹೇಳಿದೆ, ಅವರು ನಂಬಿದರು. ವಿಮಾನವನ್ನು ಹಲಗೆಯ ಸಮೇತ ಅವರ ಮನೆಯ ಗೂಡಿನಲ್ಲಿಟ್ಟು ಬಂದೆ.

ಆಪರೇಷನ್ ಆಯಿತು. ಈಗ ಅವರಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಫೋನಿನಲ್ಲಿ ಮಾತಾಡುತ್ತೇವೆ. ಹೊಸದಾಗಿ ಏನು ಕಟ್ಟುತ್ತಿದ್ದೀಯ ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹವೆ, ಮಳೆ, ಮೊಮ್ಮಗನ ಸ್ಕೂಲು, ಇಷ್ಟರಲ್ಲಿ ಮುಗಿಯುತ್ತದೆ. ಆದರೆ ನಾನು ಹೇಳಬೇಕೆಂದದ್ದು ಆ ವಿಜಯದಶಮಿಯ ಸಂಜೆಯ ಮಾತು.

ಖಾಲಿ ಡಬ್ಬಿ ಹಿಡಿದು ಮನೆಗೆ ಬಂದಾಗ ಓನರಮ್ಮ ಕೆಳಗಿನ ಮೆಟ್ಟಿಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಮೊರವನ್ನು ಸರಿಸಿ ದಾರಿ ಬಿಟ್ಟರು, ಮಾತಾಡಲಿಲ್ಲ. ಹತ್ತಿ ಹೋಗಬಹುದಿತ್ತು. ಎರಡು ಮೆಟ್ಟಿಲು ಹತ್ತಿ ನಿಂತೆ.

"ಪಾವಗಡದ ಮೇಷ್ಟ್ರು ಒಬ್ರು, ವಿಮಾನದ ಕೆಲಸ ಮಾಡ್ತಿದ್ದೋರು, ಅವರಿಗೆ ಕಣ್ಣು ಹೋಗ್ತಾ ಇದೆ" ಎಂದೆ. ಅವರು ಮೇಷ್ಟ್ರಲ್ಲ, ಆದರೂ ಬಾಯಿಗೆ ಹಾಗೇ ಬಂತು. "ಅವರಿಗೆ ತೋರಿಸೋಕೆ ಅಂತ ಅದನ್ನ ಮಾಡಿದ್ದೆ. ಅವರಿಗೆ ಕಂಡಿದ್ದು ನಿಮ್ಮ ಕುಂಕುಮ ಒಂದೇ. ನಿಮಗೆ ನಮಸ್ಕಾರ ಹೇಳಿದಾರೆ."

ಆಯಮ್ಮ ಸುಲಿಯುವುದನ್ನು ನಿಲ್ಲಿಸಿದರು. ನಮಸ್ಕಾರದ ಮಾತು ಅವರಿಗೆ ಮುಟ್ಟಿದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ನಿಮ್ದು ಕಾಣ್ಲೇ ಇಲ್ವಾ ಮಿಸ್ಸೇ?"

"ಇಲ್ಲ" ಎಂದೆ. ಅಷ್ಟು ಹೊತ್ತು ಬಾರದ ಅಳು ಅಲ್ಲಿ ಬಂತು. ಕಡಲೆಕಾಯಿ ಸಿಪ್ಪೆಯ ನಡುವೆ ಮೆಟ್ಟಿಲಿನ ಮೇಲೆ ಕೂತು, ಡಬ್ಬಿಯನ್ನು ತಬ್ಬಿಕೊಂಡು ಅತ್ತೆ. ಐವತ್ತು ದಾಟಿದ ಡ್ರಾಯಿಂಗ್ ಮಿಸ್ಸು. "ಅಷ್ಟು ಮಾಡಿದ್ದೆ ಕಣ್ರೀ. ಒಬ್ರೂ ನೋಡ್ಲಿಲ್ಲ."

"ನಾನು ನೋಡುದ್ನಲ್ಲ" ಎಂದರು ಆಯಮ್ಮ.

ನಾನು ತಲೆ ಎತ್ತಿದೆ.

"ಬೋಗುಣಿ ತೆಗುದ್ರೆ ಬೆಳ್ಳೀ ದೇವ್ರು ಇದ್ದಂಗೆ ಇತ್ತು. ಹೆಂಗ್ ಮುಟ್ಟಾದು ಅಂತ ಎಷ್ಟೊತ್ತು ನೋಡ್ಕಂಡು ನಿಂತಿದ್ದೆ. ಆ ಏಣಿ ಒಂದು ಇತ್ತಲ್ಲ, ನಮ್ಮ ಹುಲ್ಲಿನ ಬಣವೆ ಏಣಿ ತರನೇ, ಮೇಲ್ಗಡೆ ಕಿರುದಾಗಿ. ಅದುಕ್ಕೂ ಇಟ್ಟಿವ್ನಿ. ಕೈಯಾಗ ಆಗಲ್ಲ ಅಂತ ಊದುಬತ್ತಿ ಕಡ್ಡಿನ ಸೀಳಿ, ಅದ್ರ ತುದೀಲಿ, ಕೆಳಗ್ಲ ಮೆಟ್ಲಿಗೆ ಒಂದು ಚಿಕ್ಕ ಬೊಟ್ಟು. ಉಸ್ರು ಬಿಗಿ ಇಡ್ಕಂಡು ಇಟ್ಟೆ ಕಣಮ್ಮ. ನೀವು ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ.